ಪಾಪ್‌ಅಪ್‌ನೊಳಗೆ ಫಾರ್ಮ್: ಜಾಂಗೋದಲ್ಲಿ ಯಾವ ದಾರಿ ಹಿಡಿಯಬೇಕು?

ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೋದಲ್ಲಿ ಫಾರ್ಮ್ ಬರೆಯಲು ಬರುತ್ತದೆ, ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ವಿನ್ಯಾಸದ ಲೈಬ್ರರಿಯ ಮೋಡಲ್ (ಪುಟದ ಮೇಲೇಳುವ ಪಾಪ್‌ಅಪ್ ಪೆಟ್ಟಿಗೆ) ತೆರೆಯಲೂ ಬರುತ್ತದೆ, ಎರಡನ್ನೂ ಜೋಡಿಸಲು ಹೋದಾಗ ಮಾತ್ರ ಕೆಲಸ ಕೆಡುತ್ತದೆ. ಹುಡುಕಿದರೆ ಐದಾರು ದಾರಿಗಳು ಸಿಗುತ್ತವೆ. ಡೆಮೊದಲ್ಲಿ ಎಲ್ಲವೂ ಚೆನ್ನಾಗಿಯೇ ಓಡುತ್ತವೆ, ಏಕೆಂದರೆ ಡೆಮೊದಲ್ಲಿ ಯಾರೂ ತಪ್ಪು ತುಂಬುವುದಿಲ್ಲ. ಪಾಪ್‌ಅಪ್ ತೆರೆಯುವುದು ಎರಡು ಸಾಲಿನ ಕೆಲಸ. ತುಂಬಿದ ಫಾರ್ಮ್ ದೋಷ ಹೊತ್ತು ವಾಪಸ್ ಬಂದಾಗ ಏನಾಗುತ್ತದೆ ಎಂಬುದನ್ನು ನೋಡಿಯೇ ದಾರಿ ಆರಿಸಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಗಡಿಯೊಂದರ ಬಿಲ್ಲಿಂಗ್ ಪುಟ. ಕೌಂಟರ್‌ನಲ್ಲಿ ಕೂತವರು ಹನ್ನೆರಡು ಐಟಂ ತುಂಬಿಯಾಗಿದೆ, ಆದರೆ ಗ್ರಾಹಕರ ಹೆಸರು ಡ್ರಾಪ್‌ಡೌನ್‌ನಲ್ಲಿ ಇಲ್ಲ. ಪಕ್ಕದ ‘ಹೊಸ ಗ್ರಾಹಕ’ ಬಟನ್ ಒತ್ತಿದರೆ ಪಾಪ್‌ಅಪ್ ಬರುತ್ತದೆ: ಹೆಸರು, ಮೊಬೈಲ್, ಜಿಎಸ್‌ಟಿ ನಂಬರ್. ಜಿಎಸ್‌ಟಿ ನಂಬರ್‌ಗೆ 15 ಅಕ್ಷರ ಬೇಕು, ಅವರು 14 ಹೊಡೆದು ‘ಉಳಿಸಿ’ ಒತ್ತುತ್ತಾರೆ. ಆಮೇಲೆ?

## ಮೊದಲು ಅಳತೆಗೋಲು

ತಪ್ಪಿದ್ದಾಗ ಪಾಪ್‌ಅಪ್ ತೆರೆದೇ ಇರಬೇಕು, ತುಂಬಿದ್ದೆಲ್ಲ ಹಾಗೇ ಇರಬೇಕು, ದೋಷ ಆಯಾ ಖಾನೆಯ ಕೆಳಗೇ ಕಾಣಬೇಕು. ಇದು ಮೊದಲ ಅಳತೆ. ಹಿಂದಿನ ಪುಟದ ಹನ್ನೆರಡು ಐಟಂ ಉಳಿಯುತ್ತವೆಯೇ ಎಂಬುದು ಎರಡನೆಯದು. ಉಳಿಸಿದ ಮೇಲೆ ಹಿಂದೆ ಏನು ಬದಲಾಗಬೇಕು, ಡ್ರಾಪ್‌ಡೌನ್‌ಗೆ ಒಂದು ಹೆಸರು ಸೇರಬೇಕೋ, ಇಡೀ ಪಟ್ಟಿ ಹೊಸದಾಗಬೇಕೋ ಎಂಬುದು ಮೂರನೆಯದು. ಫಾರ್ಮ್‌ನಲ್ಲಿ ಫೈಲ್ ಅಪ್‌ಲೋಡ್, ದಿನಾಂಕ ಆರಿಸುವ ವಿಜೆಟ್, ಹುಡುಕಬಲ್ಲ ಡ್ರಾಪ್‌ಡೌನ್ ಇದ್ದರೆ ಲೆಕ್ಕ ಬದಲಾಗುತ್ತದೆ. ಕೊನೆಗೆ, ಆರು ತಿಂಗಳ ನಂತರ ಈ ಕೋಡ್ ಮುಟ್ಟುವವರಿಗೆ ಜಾವಾಸ್ಕ್ರಿಪ್ಟ್ ಎಷ್ಟು ಬರುತ್ತದೆ? ಬಜೆಟ್ ಎಂದರೆ ಬಹುಪಾಲು ಇದೇ.

ಇದಕ್ಕೂ ಮೊದಲು ಪಾಪ್‌ಅಪ್ ಬೇಕೇ ಎಂದು ಕೇಳಿಕೊಳ್ಳಿ. ಖಾನೆಗಳು ಏಳೆಂಟು ದಾಟಿದರೆ, ಒಳಗೆ ಫಾರ್ಮ್‌ಸೆಟ್ (ಒಂದೇ ಬಗೆಯ ಹಲವು ಫಾರ್ಮ್‌ಗಳ ಗುಂಪು) ಇದ್ದರೆ, ಬೇರೆ ಪುಟವೇ ವಾಸಿ. ಮೊಬೈಲ್‌ನಲ್ಲಿ ಕೀಬೋರ್ಡ್ ಮೇಲೆದ್ದರೆ ಪರದೆಯ ಅರ್ಧ ಹೋಗುತ್ತದೆ, ಉಳಿದರ್ಧದಲ್ಲಿ ಮೋಡಲ್‌ನ ಸ್ಕ್ರೋಲ್ ಮತ್ತು ಪುಟದ ಸ್ಕ್ರೋಲ್ ಕಿತ್ತಾಡುತ್ತವೆ. ಬೇರೆ ಪುಟಕ್ಕೆ ಯುಆರ್‌ಎಲ್ ಇರುತ್ತದೆ, ಬ್ಯಾಕ್ ಬಟನ್ ಹೇಳಿದ ಮಾತು ಕೇಳುತ್ತದೆ, ಹೊಸ ದಾಖಲೆ ಸೇರಿಸುವ ಜಾಂಗೋದ ಸಿದ್ಧ ಕ್ರಿಯೇಟ್‌ವ್ಯೂ ಹೇಗಿದೆಯೋ ಹಾಗೇ ಸಾಕು. ಚೆಂದ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಮೋಡಲ್‌ಗೆ ಹೋದವರು ಆಮೇಲೆ ಪೇಚಾಡುವುದೇ ಹೆಚ್ಚು.

## ಪುಟದಲ್ಲೇ ಅಡಗಿಸಿಟ್ಟ ಫಾರ್ಮ್

ಅತ್ಯಂತ ಅಗ್ಗದ ದಾರಿ ಇದು. ಪುಟದ ಟೆಂಪ್ಲೇಟ್‌ನಲ್ಲೇ ಮೋಡಲ್ ಇಟ್ಟು, ಒಳಗೆ ಫಾರ್ಮ್ ಬಿಡಿಸಿ, ಮಾಮೂಲಿ ಪೋಸ್ಟ್ ಮಾಡುವುದು. ದೋಷ ಬಂದರೆ ಸರ್ವರ್ ಇಡೀ ಪುಟವನ್ನು ಮತ್ತೆ ಕಳಿಸುತ್ತದೆ. ಟೆಂಪ್ಲೇಟ್‌ಗೆ ಕಳಿಸುವ ಮಾಹಿತಿಯಲ್ಲಿ (ಕಾಂಟೆಕ್ಸ್ಟ್) ‘ಫಾರ್ಮ್‌ನಲ್ಲಿ ದೋಷವಿದೆ’ ಎಂಬ ಗುರುತು ಇಟ್ಟು, ಅದಿದ್ದರೆ ಪುಟ ಲೋಡ್ ಆದ ಕೂಡಲೇ ಮೋಡಲ್ ತೆರೆಯುವ ಮೂರು ಸಾಲು ಸ್ಕ್ರಿಪ್ಟ್ ಬರೆದರೆ ಮುಗಿಯಿತು. ಈ ಮೂರು ಸಾಲು ಮರೆತರೆ ಬಳಕೆದಾರರಿಗೆ ಕಾಣುವುದು ಇಷ್ಟೇ: ‘ಉಳಿಸಿ’ ಒತ್ತಿದೆ, ಪುಟ ಮಿನುಗಿತು, ಏನೂ ಆಗಲಿಲ್ಲ. ದೋಷದ ಸಾಲು ಮುಚ್ಚಿದ ಮೋಡಲ್‌ನೊಳಗೇ ಉಳಿದಿರುತ್ತದೆ.

ಸದಸ್ಯರ ಪಟ್ಟಿ, ಪ್ರತಿಕ್ರಿಯೆ ಫಾರ್ಮ್, ‘ಖಚಿತವೇ?’ ಎಂದು ಕೇಳುವ ಅಳಿಸುವ ಪೆಟ್ಟಿಗೆ, ಇಂಥವಕ್ಕೆ ಇಷ್ಟು ಧಾರಾಳವಾಗಿ ಸಾಕು. ಬಿಲ್ಲಿಂಗ್ ಪುಟಕ್ಕೆ ಮಾತ್ರ ಆಗದು. ಪುಟ ಮರುಲೋಡ್ ಆದ ತಕ್ಷಣ ಹನ್ನೆರಡು ಐಟಂ ಹೋದವು. ಇನ್ನೊಂದು ಮಿತಿಯೂ ಇದೆ: ಪಟ್ಟಿಯಲ್ಲಿ ನೂರು ಸಾಲಿದ್ದು ಪ್ರತಿ ಸಾಲಿಗೂ ‘ತಿದ್ದಿ’ ಮೋಡಲ್ ಬೇಕೆಂದರೆ ನೂರು ಫಾರ್ಮ್ ಮೊದಲೇ ಬಿಡಿಸಬೇಕಾಗುತ್ತದೆ. ಫಾರ್ಮ್‌ನಲ್ಲಿ ಡೇಟಾಬೇಸ್‌ನಿಂದ ತುಂಬುವ ಡ್ರಾಪ್‌ಡೌನ್ ಒಂದಿದ್ದರೂ ಸಾಕು, ನೂರು ಕ್ವೆರಿ ಹೆಚ್ಚಿಗೆ ಓಡುತ್ತವೆ.

## ಬೇರೆ ಕಿಟಕಿ, ಐಫ್ರೇಮ್

ಬಿಲ್ಲಿಂಗ್ ಪುಟದ ಸಮಸ್ಯೆಗೆ ಜಾಂಗೋ ಜೊತೆಗೇ ಬರುವ ಅಡ್ಮಿನ್ ಬಹಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿದೆ. ಬೇರೆ ಟೇಬಲ್‌ನ ದಾಖಲೆ ಆರಿಸುವ ಫಾರಿನ್ ಕೀ ಡ್ರಾಪ್‌ಡೌನ್ ಪಕ್ಕದ ಹಸಿರು ಕೂಡಿಸುವ ಚಿಹ್ನೆ ಒತ್ತಿ ನೋಡಿ. ಅದು ಮೋಡಲ್ ಅಲ್ಲ, ನಿಜವಾದ ಇನ್ನೊಂದು ಬ್ರೌಸರ್ ಕಿಟಕಿ. ಯುಆರ್‌ಎಲ್‌ನಲ್ಲಿ ಪಾಪ್‌ಅಪ್ ಎಂಬ ಗುರುತು ಇರುತ್ತದೆ. ಉಳಿಸಿದ ಮೇಲೆ ಸರ್ವರ್ ಒಂದು ಪುಟ್ಟ ಪುಟ ಕಳಿಸುತ್ತದೆ, ಅದರ ಸ್ಕ್ರಿಪ್ಟ್ ತನ್ನನ್ನು ತೆರೆದ ಕಿಟಕಿಯ ಫಂಕ್ಷನ್ ಕರೆದು, ಡ್ರಾಪ್‌ಡೌನ್‌ಗೆ ಹೊಸ ಹೆಸರು ಸೇರಿಸಿ, ಅದನ್ನೇ ಆರಿಸಿ, ತಾನು ಮುಚ್ಚಿಕೊಳ್ಳುತ್ತದೆ. ದೋಷ ಬಂದರೆ ಆ ಕಿಟಕಿಯಲ್ಲೇ ಮಾಮೂಲಿನಂತೆ ಕಾಣುತ್ತದೆ. ಹಿಂದಿನ ಪುಟಕ್ಕೆ ಧಕ್ಕೆಯಿಲ್ಲ.

ಆಫೀಸಿನೊಳಗಿನ ಡೆಸ್ಕ್‌ಟಾಪ್ ಬಳಕೆಗೆ ಇದು ಇಂದಿಗೂ ಗಟ್ಟಿ ಉಪಾಯ. ಸಾರ್ವಜನಿಕರ ಮುಂದೆ ಇಡುವಂಥದ್ದಲ್ಲ: ಮೊಬೈಲ್‌ನಲ್ಲಿ ಇನ್ನೊಂದು ಟ್ಯಾಬ್ ಆಗಿ ತೆರೆದು ಜನ ದಾರಿ ತಪ್ಪುತ್ತಾರೆ, ಕ್ಲಿಕ್‌ಗೆ ನೇರವಾಗಿ ಉತ್ತರಿಸದೆ ತಡವಾಗಿ ತೆರೆದರೆ ಬ್ರೌಸರ್ ತಡೆಯುತ್ತದೆ. ಜಾಂಗೋ 4.0ರಿಂದ ಸೆಕ್ಯುರಿಟಿ ಮಿಡಲ್‌ವೇರ್, ಕಿಟಕಿಗಳು ಪರಸ್ಪರ ಮಾತಾಡಬಹುದೇ ಎಂದು ಹೇಳುವ ಕ್ರಾಸ್ ಒರಿಜಿನ್ ಓಪನರ್ ಪಾಲಿಸಿ ಹೆಡರ್ ಅನ್ನು ತಾನೇ ಹಾಕುತ್ತದೆ, ಅದರ ಡಿಫಾಲ್ಟ್ ಸೇಮ್ ಒರಿಜಿನ್ (ಅದೇ ಸೈಟ್‌ನೊಳಗೆ ಮಾತ್ರ). ಪಾಪ್‌ಅಪ್ ಕಿಟಕಿ ನಡುವೆ ಬೇರೆ ಡೊಮೇನ್‌ನ ಲಾಗಿನ್ ಪುಟಕ್ಕೆ ಹೋಗಿ ಬಂದರೆ ಎರಡು ಕಿಟಕಿಗಳ ಸಂಬಂಧ ಕಡಿದುಹೋಗಿರುತ್ತದೆ. ಹೆಸರು ಉಳಿಯುತ್ತದೆ, ಆದರೆ ಡ್ರಾಪ್‌ಡೌನ್‌ಗೆ ಬರುವುದಿಲ್ಲ.

ಮೋಡಲ್‌ನೊಳಗೆ ಐಫ್ರೇಮ್ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕ) ಇಡುವುದು ಇದರ ತಮ್ಮ. ಹಾಗೆ ತೋರಿಸಬಹುದೇ ಎಂದು ಹೇಳುವ ಎಕ್ಸ್ ಫ್ರೇಮ್ ಆಪ್ಷನ್ಸ್‌ನ ಡಿಫಾಲ್ಟ್ ಜಾಂಗೋ 3.0ರಿಂದ ‘ಡಿನೈ’ ಆಗಿರುವುದರಿಂದ ಐಫ್ರೇಮ್‌ನಲ್ಲಿ ಪುಟ ಕಾಣುವುದಿಲ್ಲ. ಆ ಒಂದು ವ್ಯೂಗೆ (ಪುಟ ಕೊಡುವ ಪೈಥಾನ್ ಕೋಡ್) ಮಾತ್ರ ಸೇಮ್ ಒರಿಜಿನ್ ಡೆಕೋರೇಟರ್ ಹಾಕಿ, ಇಡೀ ಸೈಟ್‌ಗೆ ಸಡಿಲಿಸಬೇಡಿ. ಎತ್ತರ ಸರಿಹೊಂದಿಸುವ ಗೋಳು ಬೇರೆ. ಹಳೆಯ ಪುಟವೊಂದನ್ನು ಮುಟ್ಟದೆ ಒಳಗೆ ತೋರಿಸಬೇಕಾದ ಅನಿವಾರ್ಯ ಇಲ್ಲದಿದ್ದರೆ ಈ ಕಡೆ ಹೋಗುವುದು ಬೇಡ.

## ತುಣುಕು ತರಿಸಿ ಅಂಟಿಸುವುದು: ಫೆಚ್

ಇಲ್ಲಿ ಮೋಡಲ್ ಖಾಲಿ ಚೌಕಟ್ಟು. ಬಟನ್ ಒತ್ತಿದಾಗ ಬ್ರೌಸರ್‌ನ ಫೆಚ್ ಫಂಕ್ಷನ್ ಮೂಲಕ ಫಾರ್ಮ್‌ನ ಎಚ್‌ಟಿಎಂಎಲ್ ತುಣುಕನ್ನಷ್ಟೇ ತರಿಸಿ ಒಳಗೆ ಸುರಿಯುವುದು, ಸಬ್ಮಿಟ್ ಆದಾಗ ತಡೆದು ಫಾರ್ಮ್‌ಡೇಟಾ ಆಗಿ ಕಳಿಸುವುದು. ದೋಷವಿದ್ದರೆ ಸರ್ವರ್ ಅದೇ ತುಣುಕನ್ನು ದೋಷಗಳ ಸಮೇತ 422 ಸ್ಟೇಟಸ್‌ನಲ್ಲಿ (ಕಳಿಸಿದ ಮಾಹಿತಿ ಸರಿಯಿಲ್ಲ ಎಂಬ ಸಂಕೇತ) ಕೊಡುತ್ತದೆ, ಸರಿಯಿದ್ದರೆ ಹೊಸ ಗ್ರಾಹಕರ ಐಡಿ ಮತ್ತು ಹೆಸರಿರುವ ಪುಟ್ಟ ಜೇಸನ್ (ಸ್ಕ್ರಿಪ್ಟ್ ಓದಬಲ್ಲ ಡೇಟಾ ರೂಪ). ನಲವತ್ತು ಸಾಲು ಸ್ಕ್ರಿಪ್ಟ್ ಸಾಕು, ಹೊರಗಿನ ಲೈಬ್ರರಿ ಬೇಡ. ದೋಷ ತೋರಿಸುವ ಕೆಲಸ ಜಾಂಗೋ ಟೆಂಪ್ಲೇಟ್‌ನದೇ ಆದ್ದರಿಂದ ನಿಯಮಗಳು ಒಂದೇ ಕಡೆ ಇರುತ್ತವೆ.

ಇಲ್ಲಿ ಎಡವುವ ಜಾಗಗಳು ಮೂರು. ಫಾರ್ಮ್‌ಡೇಟಾ ಕಳಿಸುವಾಗ ಕಂಟೆಂಟ್ ಟೈಪ್ ಹೆಡರ್ ಅನ್ನು ಕೈಯಾರೆ ಬರೆಯಬೇಡಿ. ಖಾನೆಗಳನ್ನು ಬೇರ್ಪಡಿಸುವ ಬೌಂಡರಿ ಗುರುತು ತಪ್ಪಿಹೋಗಿ ಸರ್ವರ್‌ಗೆ ಏನೂ ಓದಲಾಗುವುದಿಲ್ಲ, ಅದನ್ನು ಬ್ರೌಸರ್‌ಗೇ ಬಿಡಿ. ಇನ್ನರ್ ಎಚ್‌ಟಿಎಂಎಲ್ ಮೂಲಕ ಸುರಿದ ತುಣುಕಿನಲ್ಲಿರುವ ಸ್ಕ್ರಿಪ್ಟ್ ಟ್ಯಾಗ್‌ಗಳು ಓಡುವುದಿಲ್ಲ, ಹಾಗಾಗಿ ದಿನಾಂಕದ ವಿಜೆಟ್ ಬರೀ ಪಠ್ಯದ ಖಾನೆಯಾಗಿ ಕೂರುತ್ತದೆ. ಅದನ್ನು ಎಬ್ಬಿಸುವ ಫಂಕ್ಷನ್ ಅನ್ನು ತುಣುಕು ಸುರಿದ ಪ್ರತಿ ಸಲವೂ, ದೋಷದ ಬಳಿಕವೂ, ನೀವೇ ಕರೆಯಬೇಕು. ಮೂರನೆಯದು ಹಳೆಯ ಪಾಠಗಳಿಂದ ಬರುವಂಥದ್ದು: ಕೋರಿಕೆ ಸ್ಕ್ರಿಪ್ಟ್‌ನಿಂದ ಬಂತೇ ಎಂದು ಹೇಳುತ್ತಿದ್ದ, ರಿಕ್ವೆಸ್ಟ್‌ನ ಈಸ್ ಅಜಾಕ್ಸ್ ಮೆಥಡ್ ಜಾಂಗೋ 3.1ರಲ್ಲಿ ಹಳತೆನಿಸಿಕೊಂಡು 4.0ರಲ್ಲಿ ಹೊರಟೇಹೋಯಿತು. ಅದು ನೋಡುತ್ತಿದ್ದ ಹೆಡರ್ ಅನ್ನು ಫೆಚ್ ತಾನಾಗಿ ಕಳಿಸುವುದೂ ಇಲ್ಲ. ನಿಮ್ಮದೇ ಹೆಡರ್ ಒಂದನ್ನು ಸೇರಿಸಿ, ಇಲ್ಲವೇ ತುಣುಕಿಗೆ ಬೇರೆ ಯುಆರ್‌ಎಲ್ ಕೊಡಿ.

## ಎಚ್‌ಟಿಎಂಎಕ್ಸ್

ಆ ನಲವತ್ತು ಸಾಲನ್ನು ಎಚ್‌ಟಿಎಂಎಲ್ ಟ್ಯಾಗ್‌ನ ಅಟ್ರಿಬ್ಯೂಟ್‌ಗಳಾಗಿ ಬರೆಯಲು ಬಿಡುವ ಜಾವಾಸ್ಕ್ರಿಪ್ಟ್ ಲೈಬ್ರರಿಯೇ ಎಚ್‌ಟಿಎಂಎಕ್ಸ್. ಬಟನ್‌ಗೆ ಎಚ್‌ಎಕ್ಸ್-ಗೆಟ್ ಮತ್ತು ಎಚ್‌ಎಕ್ಸ್-ಟಾರ್ಗೆಟ್, ಫಾರ್ಮ್‌ಗೆ ಎಚ್‌ಎಕ್ಸ್-ಪೋಸ್ಟ್. ತುಣುಕು ಒಳಬಂದ ಮೇಲೆ ಆಫ್ಟರ್ ಸ್ವಾಪ್ ಇವೆಂಟ್ ಹಿಡಿದು ಮೋಡಲ್ ತೆರೆಯುವುದು. ಮೊದಲೇ ತೆರೆದರೆ ಹಿಂದಿನ ಗ್ರಾಹಕರ ವಿವರ ಒಂದು ಕ್ಷಣ ಮಿನುಗುತ್ತದೆ. ಪೈಥಾನ್ ತಂಡಕ್ಕೆ ಇದು ಹಿಡಿಸುವುದು ಸಹಜ: ತರ್ಕವೆಲ್ಲ ವ್ಯೂನಲ್ಲೇ ಉಳಿಯುತ್ತದೆ.

ನಮ್ಮ ಉದಾಹರಣೆಯನ್ನು ಓಡಿಸಿ ನೋಡೋಣ. 14 ಅಕ್ಷರದ ಜಿಎಸ್‌ಟಿ ನಂಬರ್ ಹೋಯಿತು. ಫಾರ್ಮ್ ಇನ್‌ವ್ಯಾಲಿಡ್. ಜಾಂಗೋ ತನ್ನ ರೂಢಿಯಂತೆ 200 ಸ್ಟೇಟಸ್‌ನಲ್ಲಿ ತುಣುಕನ್ನು ಮತ್ತೆ ಬಿಡಿಸಿ ಕೊಡುತ್ತದೆ, ಎಚ್‌ಟಿಎಂಎಕ್ಸ್ ಅದನ್ನು ಮೋಡಲ್‌ನೊಳಗೆ ಇಡುತ್ತದೆ. ಇಲ್ಲಿ 422 ಕೊಟ್ಟರೆ ಏನೂ ಆಗುವುದಿಲ್ಲ, ಏಕೆಂದರೆ 400ರಿಂದ ಮೇಲಿನ ಉತ್ತರಗಳನ್ನು ಅದು ಡಿಫಾಲ್ಟ್ ಆಗಿ ಒಳಗಿಡುವುದಿಲ್ಲ. 422 ಬೇಕೇ ಬೇಕೆಂದರೆ ಎರಡನೇ ಆವೃತ್ತಿಯಲ್ಲಿ ರೆಸ್ಪಾನ್ಸ್ ಹ್ಯಾಂಡ್ಲಿಂಗ್ ಸೆಟ್ಟಿಂಗ್ ಬದಲಿಸಿ, ಮೊದಲ ಆವೃತ್ತಿಯಲ್ಲಾದರೆ ಬಿಫೋರ್ ಸ್ವಾಪ್ ಇವೆಂಟ್‌ನಲ್ಲಿ ಅನುಮತಿ ಕೊಡಿ.

ನಂಬರ್ ಸರಿಪಡಿಸಿ ಮತ್ತೆ ಒತ್ತಿದರು. ಕ್ರಿಯೇಟ್‌ವ್ಯೂ ಅನ್ನು ಹಾಗೇ ಬಿಟ್ಟಿದ್ದರೆ ಅದು ಸಕ್ಸೆಸ್ ಯುಆರ್‌ಎಲ್‌ಗೆ ರಿಡೈರೆಕ್ಟ್ ಮಾಡುತ್ತದೆ. ಬ್ರೌಸರ್ ಆ 302 ಅನ್ನು ಸದ್ದಿಲ್ಲದೆ ಹಿಂಬಾಲಿಸಿ, ಗ್ರಾಹಕರ ಪಟ್ಟಿಯ ಇಡೀ ಪುಟವನ್ನು ತಂದು, ಮೆನು ಫೂಟರ್ ಸಮೇತ ಮೋಡಲ್‌ನೊಳಗೆ ತುರುಕುತ್ತದೆ. ಎಲ್ಲರೂ ಒಮ್ಮೆಯಾದರೂ ನೋಡುವ ದೃಶ್ಯ ಇದು. ಫಾರ್ಮ್ ವ್ಯಾಲಿಡ್ ಮೆಥಡ್‌ನಲ್ಲಿ ಉಳಿಸಿ, 204 (‘ಸರಿ, ತೋರಿಸಲು ಏನಿಲ್ಲ’) ಉತ್ತರವನ್ನು ಎಚ್‌ಎಕ್ಸ್-ಟ್ರಿಗರ್ ಹೆಡರ್ ಜೊತೆ ಕೊಡಿ. ಆ ಹೆಡರ್‌ನಲ್ಲಿ ಇವೆಂಟ್‌ನ ಹೆಸರು, ಹೊಸ ಗ್ರಾಹಕರ ಐಡಿ, ಹೆಸರು. ಪುಟದಲ್ಲಿ ಆ ಇವೆಂಟ್ ಕೇಳುವ ನಾಲ್ಕು ಸಾಲು ಡ್ರಾಪ್‌ಡೌನ್‌ಗೆ ಹೆಸರು ಸೇರಿಸಿ, ಆರಿಸಿ, ಮೋಡಲ್ ಮುಚ್ಚುತ್ತದೆ. ಪುಟದ ಬೇರೆ ಭಾಗವನ್ನೂ ಜೊತೆಗೇ ಬದಲಿಸುವ ಔಟ್ ಆಫ್ ಬ್ಯಾಂಡ್ ಸ್ವಾಪ್‌ನಿಂದ ಇಡೀ ಡ್ರಾಪ್‌ಡೌನ್ ಬದಲಿಸಲೂ ಬರುತ್ತದೆ. ಆದರೆ ಅದಕ್ಕೆ ಸೆಲೆಕ್ಟ್2 (ಹುಡುಕಬಲ್ಲ ಡ್ರಾಪ್‌ಡೌನ್ ವಿಜೆಟ್) ಹಾಕಿದ್ದರೆ ಬದಲಾದ ಮೇಲೆ ವಿಜೆಟ್ ಕಳಚಿಕೊಳ್ಳುತ್ತದೆ. ಇವೆಂಟ್ ದಾರಿಯೇ ಮೇಲು.

ಕನ್ನಡದಲ್ಲಿ ಆ್ಯಪ್ ಮಾಡುವವರಿಗೆ ಇಲ್ಲೊಂದು ಗುಂಡಿ ಇದೆ. ಎಚ್‌ಟಿಟಿಪಿ ಹೆಡರ್‌ನಲ್ಲಿ ಕನ್ನಡ ಅಕ್ಷರ ನೇರವಾಗಿ ಹೋಗದು. ಜೇಸನ್ ಡಂಪ್ಸ್‌ಗೆ ‘ಎನ್ಶೂರ್ ಆಸ್ಕಿ ಬೇಡ’ ಎಂದು, ಅಂದರೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಬದಲಿಸಬೇಡ ಎಂದು, ಹೇಳಿ ಹೆಡರ್‌ಗೆ ಹಾಕಿದರೆ ಜಾಂಗೋ ಅದನ್ನು ಈಮೇಲ್ ವಿಷಯದ ಸಾಲಿನಂತೆ ಎನ್‌ಕೋಡ್ ಮಾಡಿಬಿಡುತ್ತದೆ. ಎಚ್‌ಟಿಎಂಎಕ್ಸ್‌ಗೆ ಅದು ಅರ್ಥವಾಗುವುದಿಲ್ಲ, ಇವೆಂಟ್ ಬರುವುದಿಲ್ಲ, ಮೋಡಲ್ ಮುಚ್ಚುವುದಿಲ್ಲ. ಇಂಗ್ಲಿಷ್ ಹೆಸರಿನ ಗ್ರಾಹಕರಿಗೆ ಎಲ್ಲ ಸರಿ, ‘ಲಕ್ಷ್ಮಿ ಸ್ಟೋರ್ಸ್’ ಎಂದು ಕನ್ನಡದಲ್ಲಿ ಹೊಡೆದರೆ ಮಾತ್ರ ಮೋಡಲ್ ಹಾಗೇ ನಿಲ್ಲುತ್ತದೆ. ಡಿಫಾಲ್ಟ್ ಅನ್ನು ಹಾಗೇ ಇಟ್ಟರೆ ಕನ್ನಡದ ಪ್ರತಿ ಯೂನಿಕೋಡ್ ಅಕ್ಷರವೂ 6 ಆಸ್ಕಿ ಅಕ್ಷರಗಳ ಎಸ್ಕೇಪ್ ಆಗಿ ಹೋಗಿ ಆ ಬದಿಯಲ್ಲಿ ಸರಿಯಾಗಿ ಬಿಚ್ಚಿಕೊಳ್ಳುತ್ತದೆ. ‘ಕ್ಷ’ದೊಳಗೆ ಅಂಥ ಮೂರು ಅಕ್ಷರಗಳಿರುವುದರಿಂದ ಅದೊಂದಕ್ಕೇ 18 ಬೈಟ್, ಹಾಗಾಗಿ ಉದ್ದದ ಸಂದೇಶಗಳನ್ನು ಹೆಡರ್‌ನಲ್ಲಿ ಕಳಿಸುವ ಚಟ ಬೇಡ. ಅನುವಾದದ ಲೇಜಿ ಸ್ಟ್ರಿಂಗ್ (ತೋರಿಸುವಾಗಷ್ಟೇ ಅನುವಾದವಾಗುವ ಪಠ್ಯ) ಇದ್ದರೆ ಜಾಂಗೋದ ಜೇಸನ್ ಎನ್‌ಕೋಡರ್ ಬಳಸಿ.

ಒಂದೇ ಯುಆರ್‌ಎಲ್‌ನಿಂದ ಇಡೀ ಪುಟವನ್ನೂ ತುಣುಕನ್ನೂ ಕೊಡುತ್ತಿದ್ದರೆ ಯಾವ ಹೆಡರ್ ನೋಡಿ ಉತ್ತರ ಬದಲಾಗುತ್ತದೆ ಎಂದು ಕ್ಯಾಶ್‌ಗೆ ಹೇಳುವ ವೇರಿ ಹೆಡರ್‌ನಲ್ಲಿ ಎಚ್‌ಎಕ್ಸ್-ರಿಕ್ವೆಸ್ಟ್ ಸೇರಿಸಿ. ಇಲ್ಲದಿದ್ದರೆ ಬ್ಯಾಕ್ ಒತ್ತಿದಾಗ ಕ್ಯಾಶ್‌ನಿಂದ ಬೋಳು ತುಣುಕು ಎದ್ದು ಬರಬಹುದು. ತುಣುಕುಗಳಿಗೆ ಬೇರೆ ಬೇರೆ ಟೆಂಪ್ಲೇಟ್ ಕಡತ ಮಾಡುವ ತಲೆನೋವು ಜಾಂಗೋ 6.0ರಿಂದ ಕಡಿಮೆಯಾಗಿದೆ. ಒಂದೇ ಕಡತದೊಳಗಿನ ತುಣುಕಿಗೆ ಹೆಸರಿಡುವ ಟೆಂಪ್ಲೇಟ್ ಪಾರ್ಷಿಯಲ್ ಈಗ ಜಾಂಗೋದ ಒಳಗೇ ಬಂದಿದೆ.

## ಜೇಸನ್ ಎಪಿಐ, ರಿಯಾಕ್ಟ್ ಅಥವಾ ವ್ಯೂ (Vue)

ಈಗಾಗಲೇ ಫ್ರಂಟ್‌ಎಂಡ್ ರಿಯಾಕ್ಟ್‌ನಂಥ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿದ್ದರೆ ಪ್ರಶ್ನೆಯೇ ಇಲ್ಲ, ಅದರಲ್ಲೇ ಮಾಡಿ. ಇಲ್ಲದಿದ್ದರೆ ಮೂರು ಖಾನೆಯ ಪಾಪ್‌ಅಪ್‌ಗೋಸ್ಕರ ಬಿಲ್ಡ್ ವ್ಯವಸ್ಥೆ, ಎಪಿಐ, ಡೇಟಾವನ್ನು ಜೇಸನ್ ಆಗಿಸುವ ಸೀರಿಯಲೈಸರ್, ಎರಡು ಕಡೆ ನಿಯಮ ಬರೆಯುವ ಖರ್ಚು ದಂಡ.

ಆದರೂ ಒಂದು ವಿಷಯದಲ್ಲಿ ಈ ದಾರಿಯೇ ಗೆಲ್ಲುತ್ತದೆ: ಫೈಲ್. ದೋಷ ಬಂದಾಗ ಸರ್ವರ್ ತುಣುಕನ್ನು ಹೊಸದಾಗಿ ಬಿಡಿಸಿ ಕೊಟ್ಟರೆ ಆರಿಸಿದ್ದ ಫೈಲ್ ಹೋಗುತ್ತದೆ, ಫೈಲ್ ಖಾನೆಯನ್ನು ಸರ್ವರ್ ಮೊದಲೇ ತುಂಬಿ ಕಳಿಸಲು ಬ್ರೌಸರ್ ಬಿಡುವುದಿಲ್ಲ. ಮೊಬೈಲ್ ನಂಬರ್‌ನಲ್ಲಿ ಒಂದು ಅಂಕಿ ತಪ್ಪಿದ್ದಕ್ಕೆ 8 ಎಂಬಿ ಸ್ಕ್ಯಾನ್ ಅನ್ನು ಮತ್ತೆ ಆರಿಸಿ ಮತ್ತೆ ಏರಿಸಬೇಕು. ಜೇಸನ್‌ನಲ್ಲಿ ದೋಷಗಳನ್ನಷ್ಟೇ ಕೊಟ್ಟರೆ ಫಾರ್ಮ್ ಜಾಗದಲ್ಲೇ ಇರುತ್ತದೆ, ಫೈಲೂ ಇರುತ್ತದೆ. ಇದಕ್ಕೆ ರಿಯಾಕ್ಟ್ ಬೇಕಿಲ್ಲ. ಮೇಲಿನ ಫೆಚ್ ದಾರಿಯಲ್ಲೇ ತುಣುಕಿನ ಬದಲು ಫಾರ್ಮ್ ಎರರ್ಸ್‌ನ ಗೆಟ್ ಜೇಸನ್ ಡೇಟಾ ಕಳಿಸಿ, ಖಾನೆಯ ಹೆಸರು ಹಿಡಿದು ದೋಷ ಅಂಟಿಸಿದರಾಯಿತು. ಎಚ್‌ಟಿಎಂಎಕ್ಸ್‌ನಲ್ಲಿ ಫೈಲ್ ಕಳಿಸುವುದಾದರೆ ಫಾರ್ಮ್ ಮಲ್ಟಿಪಾರ್ಟ್ ಎಂದು ಹೇಳುವುದನ್ನು ಮರೆಯಬೇಡಿ, ಮರೆತರೆ ವ್ಯೂನಲ್ಲಿ ಫೈಲ್ಸ್ ಖಾಲಿ.

ಸಿದ್ಧ ಪ್ಯಾಕೇಜುಗಳೂ ಇವೆ. ಜಾಂಗೋ ಬೂಟ್‌ಸ್ಟ್ರ್ಯಾಪ್ ಮೋಡಲ್ ಫಾರ್ಮ್ಸ್ ಬೇಗ ಕೆಲಸಕ್ಕೆ ಬರುತ್ತದೆ, ಆದರೆ ಅದು ಪೋಸ್ಟ್ ಅನ್ನು ಎರಡು ಸಲ ಮಾಡುತ್ತದೆ ಎಂಬುದು ತಲೆಯಲ್ಲಿರಲಿ: ಮೊದಲನೆಯದು ಪರಿಶೀಲನೆಗೆ, ಎರಡನೆಯದು ಉಳಿಸಲು. ಅದರ ಮಿಕ್ಸಿನ್ (ಕ್ಲಾಸ್‌ಗೆ ಬೆರೆಸುವ ಸಿದ್ಧ ಕೋಡ್) ಗಮನಿಸದೆ ಫಾರ್ಮ್‌ನ ಸೇವ್ ಮೆಥಡ್‌ನಲ್ಲಿ ಎಸ್‌ಎಂಎಸ್ ಕಳಿಸುವ ಕೋಡ್ ಬರೆದರೆ ಗ್ರಾಹಕರಿಗೆ ಎರಡು ಎಸ್‌ಎಂಎಸ್ ಹೋಗಬಹುದು.

## ಚೌಕಟ್ಟು ಯಾವುದು

ಬ್ರೌಸರ್‌ನ ಸ್ವಂತ ಡೈಲಾಗ್ ಎಲಿಮೆಂಟ್ 2022ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 98 ಮತ್ತು ಸಫಾರಿ 15.4 ಬಂದ ಮೇಲೆ ಎಲ್ಲ ಕಡೆ ಸಿಗುತ್ತದೆ. ಶೋಮೋಡಲ್ ಎಂದು ಕರೆದರೆ ಹಿಂದಿನ ಪುಟ ನಿಷ್ಕ್ರಿಯ, ಫೋಕಸ್ ಒಳಗೆ, ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ, ಎಲ್ಲ ಪುಕ್ಕಟೆ. ಬರೀ ಓಪನ್ ಅಟ್ರಿಬ್ಯೂಟ್ ಹಾಕಿದರೆ ಇದ್ಯಾವುದೂ ಇಲ್ಲ. ತೊಡಕು ವಿಜೆಟ್‌ಗಳದ್ದು. ಡೈಲಾಗ್ ಬ್ರೌಸರ್‌ನ ಎಲ್ಲಕ್ಕಿಂತ ಮೇಲಿನ ಪದರದಲ್ಲಿ (ಟಾಪ್ ಲೇಯರ್) ಕೂರುವುದರಿಂದ, ಪುಟದ ಬಾಡಿ ಟ್ಯಾಗ್‌ಗೆ ಅಂಟಿಕೊಳ್ಳುವ ಸೆಲೆಕ್ಟ್2 ಪಟ್ಟಿ ಅಥವಾ ಫ್ಲಾಟ್‌ಪಿಕರ್ ಕ್ಯಾಲೆಂಡರ್ ಅದರ ಹಿಂದೆ ಬೀಳುತ್ತದೆ. ಯಾವುದು ಮೇಲೆ ಎಂದು ಹೇಳುವ ಸಿಎಸ್‌ಎಸ್ ಜೆಡ್-ಇಂಡೆಕ್ಸ್ ಹತ್ತು ಲಕ್ಷ ಕೊಟ್ಟರೂ ಮೇಲೆ ಬರದು. ಬೂಟ್‌ಸ್ಟ್ರ್ಯಾಪ್ ಮೋಡಲ್‌ನಲ್ಲಿ ಇದೇ ರೋಗ ಬೇರೆ ರೂಪದಲ್ಲಿ: ಪಟ್ಟಿ ಕಾಣುತ್ತದೆ, ಹುಡುಕುವ ಖಾನೆಯಲ್ಲಿ ಟೈಪ್ ಮಾಡಲಾಗದು, ಫೋಕಸ್ ಅನ್ನು ಮೋಡಲ್ ಎಳೆದುಕೊಳ್ಳುತ್ತದೆ. ಎರಡಕ್ಕೂ ಔಷಧ ಒಂದೇ, ಸೆಲೆಕ್ಟ್2ಗೆ ಡ್ರಾಪ್‌ಡೌನ್ ಪೇರೆಂಟ್ ಆಗಿ, ಫ್ಲಾಟ್‌ಪಿಕರ್‌ಗೆ ಅಪೆಂಡ್ ಟು ಆಗಿ ಮೋಡಲ್ ಅನ್ನೇ ಕೊಡಿ.

ಬೂಟ್‌ಸ್ಟ್ರ್ಯಾಪ್ ಬಳಸುವವರು ಫಾರ್ಮ್ ಟ್ಯಾಗ್‌ಗೇ ಮೋಡಲ್-ಕಂಟೆಂಟ್ ಕ್ಲಾಸ್ ಕೊಡಿ. ಮೋಡಲ್-ಕಂಟೆಂಟ್ ಮತ್ತು ಮೋಡಲ್-ಬಾಡಿಯ ನಡುವೆ ಫಾರ್ಮ್ ತೂರಿಸಿದರೆ ಒಳಗಿನ ಸ್ಕ್ರೋಲ್ ಕೆಡುತ್ತದೆ. ಫಾರ್ಮ್ ಬಿಡಿಸುವ ಕ್ರಿಸ್ಪಿ ಫಾರ್ಮ್ಸ್ ಪ್ಯಾಕೇಜ್ ಇದ್ದರೆ ಅದರ ಫಾರ್ಮ್ ಟ್ಯಾಗ್ ಆಫ್ ಮಾಡಿ. ಕೌಂಟರ್‌ನಂಥ ಗಡಿಬಿಡಿ ಜಾಗದಲ್ಲಿ ಹೊರಗೆ ಕ್ಲಿಕ್ಕಿಸಿದರೆ ಮುಚ್ಚದಂತೆ ಬ್ಯಾಕ್‌ಡ್ರಾಪ್ ಸ್ಟ್ಯಾಟಿಕ್ ಇಡಿ.

## ಯಾವ ದಾರಿಯಲ್ಲೂ ಕಾಡುವವು

ಮೋಡಲ್‌ನ ಮಾರ್ಕಪ್ ಬಿಲ್ ಫಾರ್ಮ್‌ನ ಒಳಗೆ ಇರಬಾರದು. ಫಾರ್ಮ್‌ನೊಳಗೆ ಫಾರ್ಮ್ ಬಂದರೆ ಬ್ರೌಸರ್ ಒಳಗಿನ ಟ್ಯಾಗ್ ಅನ್ನೇ ಬಿಟ್ಟುಬಿಡುತ್ತದೆ, ಆಗ ಮೋಡಲ್‌ನ ‘ಉಳಿಸಿ’ ಬಿಲ್ ಅನ್ನು ಸಬ್ಮಿಟ್ ಮಾಡುತ್ತದೆ. ಮೋಡಲ್ ಅನ್ನು ಬಾಡಿಯ ಕೊನೆಯಲ್ಲಿ ಇಡಿ. ತೆರೆಯುವ ಬಟನ್‌ಗೆ ಟೈಪ್ ಬಟನ್ ಎಂದೇ ಬರೆಯಿರಿ, ಬರೆಯದಿದ್ದರೆ ಅದೂ ಸಬ್ಮಿಟ್ಟೇ.

ಬಿಲ್ ಫಾರ್ಮ್‌ನಲ್ಲೂ ಗ್ರಾಹಕ ಫಾರ್ಮ್‌ನಲ್ಲೂ ‘ಮೊಬೈಲ್’ ಖಾನೆ ಇದ್ದರೆ ಎರಡಕ್ಕೂ ಒಂದೇ ಐಡಿ ಬರುತ್ತದೆ. ಮೋಡಲ್‌ನ ಲೇಬಲ್ ಒತ್ತಿದರೆ ಹಿಂದಿನ ಖಾನೆಯನ್ನು ಹುಡುಕಿಕೊಂಡು ಹೋಗುತ್ತದೆ. ಫಾರ್ಮ್‌ಗೆ ಆಟೋ ಐಡಿ ಬದಲಿಸಿ ಕೊಟ್ಟರೆ ಸಾಕು. ಪ್ರಿಫಿಕ್ಸ್ ಕೊಟ್ಟರೆ ಖಾನೆಯ ಹೆಸರೂ ಬದಲಾಗುತ್ತದೆ, ಗೆಟ್‌ನಲ್ಲಿ ಕೊಟ್ಟು ಪೋಸ್ಟ್‌ನಲ್ಲಿ ಮರೆತರೆ ಎಲ್ಲ ಖಾನೆಯೂ ‘ಕಡ್ಡಾಯ’ ಎಂದು ಕೂಗುತ್ತದೆ.

ಸೆಷನ್ ಮುಗಿದಿದ್ದರೆ ಲಾಗಿನ್ ಪುಟ ಮೋಡಲ್‌ನೊಳಗೆ ತೆರೆಯುತ್ತದೆ, ಮತ್ತದೇ ರಿಡೈರೆಕ್ಟ್ ಕಥೆ. ಎಚ್‌ಎಕ್ಸ್-ರಿಡೈರೆಕ್ಟ್ ಹೆಡರ್‌ನಿಂದ ಇಡೀ ಪುಟವನ್ನೇ ಲಾಗಿನ್‌ಗೆ ಕಳಿಸುವುದು ಸುಲಭ, ಆದರೆ ಬಿಲ್ ಹೋಯಿತು. 401 (‘ಲಾಗಿನ್ ಆಗಿಲ್ಲ’) ಕೊಟ್ಟು ‘ಇನ್ನೊಂದು ಟ್ಯಾಬ್‌ನಲ್ಲಿ ಲಾಗಿನ್ ಆಗಿ ಬನ್ನಿ’ ಎಂದು ತೋರಿಸುವುದು ಉತ್ತಮ. ಹಾಗೆ ಮಾಡಿದಾಗ ಇನ್ನೊಂದು ಎಳೆ ಉಳಿಯುತ್ತದೆ: ಲಾಗಿನ್ ಆದಾಗ ಜಾಂಗೋ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಮ್ಮ ಸೈಟ್‌ನಿಂದಲೇ ಬಂತೆಂದು ಖಾತ್ರಿಪಡಿಸುವ ಗುಪ್ತ ಸಂಕೇತ) ಬದಲಿಸುತ್ತದೆ. ಮೋಡಲ್‌ಗೆ ಹೊಸದಾಗಿ ಬಂದ ಫಾರ್ಮ್‌ನಲ್ಲಿ ಹೊಸ ಟೋಕನ್, ಹಿಂದಿನ ಬಿಲ್‌ನಲ್ಲಿ ಹಳೆಯದು. ಗ್ರಾಹಕ ಉಳಿಯುತ್ತಾರೆ, ಬಿಲ್ ಮಾತ್ರ 403 (‘ಅನುಮತಿ ಇಲ್ಲ’) ಹೊಡೆಯುತ್ತದೆ. ಮೋಡಲ್ ಯಶಸ್ವಿಯಾದಾಗ ಅದರ ಟೋಕನ್ ಅನ್ನು ಬಿಲ್ ಫಾರ್ಮ್‌ನ ಗುಪ್ತ ಖಾನೆಗೆ ನಕಲು ಮಾಡುವ ಒಂದು ಸಾಲು ಸೇರಿಸಿ. ಪೈಥಾನ್‌ನ ಇನ್ನೊಂದು ವೆಬ್ ಫ್ರೇಮ್‌ವರ್ಕ್ ಫ್ಲಾಸ್ಕ್‌ನಲ್ಲಿ ಇದು ಇನ್ನೂ ಬೇಗ ಕಾಡುತ್ತದೆ. ಅದರ ಫಾರ್ಮ್ ಪ್ಯಾಕೇಜ್ ಫ್ಲಾಸ್ಕ್-ಡಬ್ಲ್ಯುಟಿಎಫ್ ಕೊಡುವ ಟೋಕನ್‌ನ ಆಯುಸ್ಸು ಡಿಫಾಲ್ಟ್ ಆಗಿ 3600 ಸೆಕೆಂಡು, ದಿನವಿಡೀ ತೆರೆದಿಡುವ ಪುಟಕ್ಕೆ ಅದು ಸಾಲದು. ಅಲ್ಲಿ ಅಡಗಿಸಿಟ್ಟ ಫಾರ್ಮ್‌ಗಿಂತ ಪ್ರತಿ ಸಲ ತರಿಸುವ ತುಣುಕೇ ಲಾಭ.

ಮೆಸೇಜಸ್ ಫ್ರೇಮ್‌ವರ್ಕ್‌ನಿಂದ ‘ಉಳಿಸಲಾಗಿದೆ’ ಎಂದು ಹೇಳಿ 204 ಕೊಟ್ಟರೆ ಆ ಸಂದೇಶ ಅಲ್ಲೇ ಕಾದು ಕೂತು ಮುಂದಿನ ಯಾವುದೋ ಪುಟದಲ್ಲಿ ಪ್ರತ್ಯಕ್ಷವಾಗುತ್ತದೆ. ಇವೆಂಟ್ ಜೊತೆಗೇ ಪುಟ್ಟ ಟೋಸ್ಟ್ (ಮೂಡಿ ಮರೆಯಾಗುವ ಸೂಚನೆ) ತೋರಿಸಿ.

## ಹಾಗಾದರೆ ಯಾರಿಗೆ ಯಾವುದು

ಒಬ್ಬರೇ ಡೆವಲಪರ್, ಹಿಂದಿನ ಪುಟದಲ್ಲಿ ಕಳೆದುಕೊಳ್ಳುವಂಥದ್ದೇನೂ ಇಲ್ಲ, ನಾಳೆಗೆ ಬೇಕು ಎಂದಾದರೆ ಅಡಗಿಸಿಟ್ಟ ಫಾರ್ಮ್ ಮತ್ತು ಆ ಮೂರು ಸಾಲು. ಬಳಸುವವರು ಆಫೀಸಿನ ನಾಲ್ಕು ಜನ ಮಾತ್ರವಾದರೆ ಅಡ್ಮಿನ್ ಅನ್ನೇ ಕೊಟ್ಟುಬಿಡಿ, ಕೂಡಿಸುವ ಚಿಹ್ನೆ ಪುಕ್ಕಟೆ ಬರುತ್ತದೆ. ಒಂದೇ ಒಂದು ಮೋಡಲ್, ಅದರಲ್ಲಿ ಫೈಲ್ ಇದೆ ಎಂದರೆ ಫೆಚ್, ಜೇಸನ್ ದೋಷಗಳ ಜೊತೆ. ಮೂರು ನಾಲ್ಕಕ್ಕಿಂತ ಹೆಚ್ಚು ಮೋಡಲ್ ಇದ್ದು, ತಂಡದವರ ಕೈ ಪೈಥಾನ್‌ನಲ್ಲೇ ಪಳಗಿದ್ದರೆ ಎಚ್‌ಟಿಎಂಎಕ್ಸ್ ಬಿಟ್ಟು ಬೇರೆ ಹುಡುಕುವ ಅಗತ್ಯ ಕಾಣದು. ಬಿಲ್ಲಿಂಗ್ ಪುಟಕ್ಕೆ ಹೊಂದುವುದೂ ಅದೇ.

ಯಾವುದನ್ನೇ ಆರಿಸಿದರೂ, ನಿಜವಾದ ಕೋಡ್ ಬರೆಯುವ ಮೊದಲು ಒಂದು ಖಾನೆಯ ಫಾರ್ಮ್ ಇಟ್ಟು ಇಷ್ಟು ಮಾಡಿ ನೋಡಿ: ತಪ್ಪು ತುಂಬಿ ಒತ್ತಿ, ಕನ್ನಡದಲ್ಲಿ ತುಂಬಿ ಒತ್ತಿ, ‘ಉಳಿಸಿ’ಯನ್ನು ಎರಡು ಸಲ ಬೇಗಬೇಗ ಒತ್ತಿ, ಇನ್ನೊಂದು ಟ್ಯಾಬ್‌ನಲ್ಲಿ ಲಾಗ್‌ಔಟ್ ಆಗಿ ಬಂದು ಒತ್ತಿ. ಎರಡು ಸಲ ಒತ್ತಿದ್ದಕ್ಕೆ ಇಬ್ಬರು ಗ್ರಾಹಕರು ಹುಟ್ಟಿದರೆ ಬಟನ್ ನಿಷ್ಕ್ರಿಯಗೊಳಿಸುವುದರ ಜೊತೆಗೆ ಮೊಬೈಲ್ ನಂಬರ್‌ಗೆ ಡೇಟಾಬೇಸ್‌ನಲ್ಲೇ ಯುನೀಕ್ ನಿರ್ಬಂಧ ಹಾಕಿ.